ಲೋಟದ ನೀರು ಅಲುಗಲಿಲ್ಲ

ಐವತ್ತು ದಾಟಿದ ಗಂಡಸೊಬ್ಬ ಮೈದಾನದ ನಡುವೆ ಸ್ಟೀಲ್ ಲೋಟ ಇಟ್ಟು, ಅದರ ಕಂಠದವರೆಗೆ ನೀರು ಸುರಿದು, ಎದುರಿಗೆ ಕುಕ್ಕರುಗಾಲಲ್ಲಿ ಕೂತು ಆ ನೀರನ್ನೇ ದಿಟ್ಟಿಸುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ತಲೆ ಕೆಟ್ಟಿದೆ ಎಂದುಕೊಳ್ಳಬೇಕು. ಆದರೆ ಅಲ್ಲಿ ಯಾರೂ ಹಾಗೆ ಅಂದುಕೊಳ್ಳಲಿಲ್ಲ. ಕಂಬ ನೆಡುವವರು, ತಂತಿ ಎಳೆಯುವವರು, ಪರದೆ ಕಟ್ಟುವವರು, ಎಲ್ಲರೂ ಲೋಟಕ್ಕೆ ಕಾಲು ತಗುಲದ ಹಾಗೆ ಸುತ್ತಿಕೊಂಡು ಹೋದರು. ಇನ್ನೆರಡು ದಿನಕ್ಕೆ ಅಲ್ಲಿ ಸಂಗೀತೋತ್ಸವ. ಗಾಲಿ ಮಾಮ ಸದ್ದು ಅಳೆಯುತ್ತಿದ್ದಾನೆ ಎಂಬುದು ಅವರಿಗೆಲ್ಲ ಗೊತ್ತಿತ್ತು.

ಗೊತ್ತಿಲ್ಲದ್ದು ಒಂದೇ. ಸದ್ದು ಅಳೆಯುವವನಿಗೆ ಕಿವಿ ಕೇಳುತ್ತಿರಲಿಲ್ಲ.

ಗಾಲಿ ಮಾಮ ಎಂಬುದು ಮೈದಾನದವರು ಇಟ್ಟ ಹೆಸರು. ಉದ್ದನೆಯ ಕೋಲು, ಅದರ ತುದಿಯಲ್ಲೊಂದು ಗಾಲಿ. ಅದನ್ನು ತಳ್ಳಿಕೊಂಡು ನಡೆದರೆ ಎಷ್ಟು ಮೀಟರ್ ನಡೆದಿರಿ ಎಂದು ಹಿಡಿಯ ಹತ್ತಿರದ ಡಬ್ಬಿಯಲ್ಲಿ ಅಂಕಿ ಬೀಳುತ್ತದೆ, ಮೀಟರಿಗೊಮ್ಮೆ ಟಕ್ ಎನ್ನುತ್ತದೆ. ಮೊದಲೆಲ್ಲ ಅವನು ಅಂಕಿ ನೋಡುತ್ತಲೇ ಇರಲಿಲ್ಲ, ಟಕ್ ಟಕ್ ಎಣಿಸಿಕೊಂಡೇ ಇಡೀ ಮೈದಾನ ಅಳೆಯುತ್ತಿದ್ದ. ಈಗ ಎರಡು ವರ್ಷದಿಂದ ಟಕ್ ಎಂಬುದು ಅಂಗೈಗೆ ಮಾತ್ರ ತಾಗುತ್ತಿತ್ತು.

ಮೊದಲಿಗೆ ಅವನು ಬೋರ್ಡ್ ಬರೆಯುವವನು. ಅಂಗಡಿಯ ಹೆಸರು, ದವಾಖಾನೆಯ ಹೆಸರು, ಇಲ್ಲಿ ಗಾಡಿ ನಿಲ್ಲಿಸಬೇಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಅಕ್ಷರ ಮುತ್ತು ಪೋಣಿಸಿದ ಹಾಗೆ. ಪ್ಲಾಸ್ಟಿಕ್ ಹಾಳೆಯಲ್ಲಿ ಬೋರ್ಡ್ ಮುದ್ರಿಸುವ ಯಂತ್ರ ಬಂದು ಆ ಹೊಟ್ಟೆಪಾಡಿಗೆ ಕಲ್ಲು ಬಿದ್ದ ಮೇಲೆ ಸಂಗೀತೋತ್ಸವಗಳ ಮೈದಾನದಲ್ಲಿ ಬಾಣದ ಗುರುತು ಬರೆಯಲು ಸೇರಿಕೊಂಡ. ಸ್ಟೇಜಿಗೆ ಈ ಕಡೆ, ಶೌಚಾಲಯಕ್ಕೆ ಆ ಕಡೆ. ಮುಂದೆ ಬಾಗಿಲ ಬಳಿ ನಿಲ್ಲಿಸುವ ದೊಡ್ಡ ಹಲಗೆಯ ಮೇಲೆ ಮೈದಾನದ ಪೂರ್ತಿ ನಕ್ಷೆ ಬರೆದ. ಅದೂ ಹೋಗಿ, ನಕ್ಷೆ ಜನರ ಮೊಬೈಲಿಗೇ ಬರುವ ಕಾಲ ಬಂತು. ಅಷ್ಟು ಹೊತ್ತಿಗೆ ಮಗಳು ಕಂಪ್ಯೂಟರ್ ಕಲಿತಿದ್ದಳು. ಅಪ್ಪ ಮೈದಾನ ನಡೆದು ಬಿಡಿಸುವುದು, ಮಗಳು ಅದಕ್ಕೆ ಜೀವ ಕೊಡುವುದು. ಚಿತ್ರದ ಯಾವ ಜಾಗ ಮುಟ್ಟಿದರೂ ಅದು ತೆರೆದುಕೊಂಡು ಮಾತಾಡಬೇಕು: ಈ ಸ್ಟೇಜಿನಲ್ಲಿ ಈಗ ಯಾರು ಹಾಡುತ್ತಿದ್ದಾರೆ, ಈ ನಲ್ಲಿಯಲ್ಲಿ ನೀರಿದೆಯೋ ಇಲ್ಲವೋ, ಈ ಶೌಚಾಲಯದ ಮುಂದೆ ಎಷ್ಟು ಜನ ನಿಂತಿದ್ದಾರೆ. ನೀವು ನಿಂತ ಜಾಗ ನೀಲಿ ಚುಕ್ಕೆಯಾಗಿ ನಿಮ್ಮ ಜೊತೆಗೇ ನಡೆಯಬೇಕು.

ಬೇರೆ ನಕ್ಷೆಗಳು ಉತ್ತರ ದಿಕ್ಕನ್ನು ಮೇಲಕ್ಕೆ ಇಡುತ್ತವೆ. ಅವನು ದೊಡ್ಡ ಸ್ಟೇಜನ್ನು ಮೇಲಕ್ಕೆ ಇಡುತ್ತಿದ್ದ. ಮಗಳು ಒಪ್ಪಿರಲಿಲ್ಲ, ಒಂದು ವಾರ ಮಾತು ಬಿಟ್ಟಿದ್ದಳು. ಹಾಡು ಕೇಳಲು ಬಂದವನಿಗೆ ಉತ್ತರ ಕಟ್ಟಿಕೊಂಡು ಏನಾಗಬೇಕು, ಅವನು ಎತ್ತ ಮುಖ ಮಾಡಿ ನಿಂತಿರುತ್ತಾನೋ ಅದೇ ಮೇಲೆ ಎಂಬುದು ಅಪ್ಪನ ವಾದ. ವಾಲಿದ ದೀಪದ ಕಂಬವನ್ನು ವಾಲಿದ ಹಾಗೇ ಬರೆಯುತ್ತಿದ್ದ, ಮೊಂಡು ಮರವನ್ನು ಮೊಂಡಾಗಿಯೇ. ಜನರ ಕಣ್ಣಿಗೆ ಬೀಳುವುದು ಅವೇ ತಾನೆ. ಆ ನಕ್ಷೆ ಹಿಡಿದವರು ಮೊಬೈಲನ್ನು ಆ ಕಡೆ ಈ ಕಡೆ ತಿರುಗಿಸಿ ಬೆಪ್ಪಾಗಿ ನಿಂತದ್ದನ್ನು ಯಾರೂ ಕಂಡಿಲ್ಲ.

ಆದರೂ ಉತ್ಸವ ನಡೆಸುವ ಯಜಮಾನ ವರ್ಷ ವರ್ಷವೂ ಅವನನ್ನೇ ಕರೆಯುತ್ತಿದ್ದುದು ಇದಕ್ಕಲ್ಲ. ಸಿದ್ಧ ನಕ್ಷೆ ಮಾರುವ ಕಂಪನಿಗಳು ಬೇಕಾದಷ್ಟಿವೆ, ಚಿಟಿಕೆ ಹೊಡೆಯುವುದರಲ್ಲಿ ಕೊಡುತ್ತವೆ. ಅವರ ಹತ್ತಿರ ಇಲ್ಲದ್ದು ಹಸಿರು ಚುಕ್ಕೆ.

ಅದು ಹುಟ್ಟಿದ್ದು ಐದು ವರ್ಷದ ಹಿಂದೆ. ಎಳೆ ಕೂಸನ್ನು ಹೆಗಲಿಗೆ ಹಾಕಿಕೊಂಡ ತಾಯಿಯೊಬ್ಬಳು ಬಂದು, ಅಣ್ಣಾ, ಇದನ್ನು ಅರ್ಧ ಗಂಟೆ ಮಲಗಿಸಬೇಕು, ಸದ್ದಿಲ್ಲದ ಜಾಗ ಎಲ್ಲಿದೆ ಎಂದು ಕೇಳಿದ್ದಳು. ಮೈದಾನದ ಪ್ರತಿ ಕಲ್ಲೂ ಗೊತ್ತಿದ್ದವನಿಗೆ ಅದೊಂದು ಗೊತ್ತಿರಲಿಲ್ಲ. ಅವಮಾನವಾಯಿತು. ಮುಂದಿನ ಸಲ, ಸ್ಪೀಕರ್‌ಗಳನ್ನೆಲ್ಲ ಹಾಕಿ ಸೌಂಡ್‌ನವರು ಪರೀಕ್ಷೆ ಮಾಡುವ ದಿನ, ತನ್ನ ಹಳೆಯ ಕೀಲಿ ಕೊಡುವ ಕೈಗಡಿಯಾರ ಬಿಚ್ಚಿಕೊಂಡು ಮೈದಾನದ ಮೂಲೆ ಮೂಲೆಗೂ ಹೋದ. ಕಣ್ಣು ಮುಚ್ಚಿ ನೂರು ಎಣಿಸುವುದು. ಕೈ ನೀಡಿ ಹಿಡಿದ ಗಡಿಯಾರದ ಟಿಕ್ ಟಿಕ್ ಕೇಳಿದರೆ ಅದು ಗಾಢ ಹಸಿರು. ಕಿವಿಗೆ ಒತ್ತಿಕೊಂಡಾಗ ಮಾತ್ರ ಕೇಳಿದರೆ ತಿಳಿ ಹಸಿರು. ಕೇಳದಿದ್ದರೆ ಚುಕ್ಕೆ ಇಲ್ಲ. ಅಷ್ಟೇ ಶಾಸ್ತ್ರ. ಕೂಸಿನವರು, ತಲೆನೋವಿನವರು, ಊರಿಗೆ ಫೋನ್ ಮಾಡುವವರು, ಗದ್ದಲ ತಡೆಯಲಾರದ ಮಕ್ಕಳನ್ನು ಕರೆದು ತಂದವರು, ಎಲ್ಲರೂ ಆ ಚುಕ್ಕೆ ಹಿಡಿದು ನಡೆದರು. ಯಜಮಾನ ಜಾಹೀರಾತಿನಲ್ಲೇ ಹಾಕಿಸಿಬಿಟ್ಟ, ನಮ್ಮಲ್ಲಿ ಹಾಡೂ ಉಂಟು, ನಿಶ್ಶಬ್ದವೂ ಉಂಟು ಎಂದು.

ಕಿವಿ ಹೋದದ್ದು ಒಂದೇ ದಿನ ಅಲ್ಲ. ಸ್ಕೂಟರಿನ ಇಂಡಿಕೇಟರ್ ಟಿಕ್ ಟಿಕ್ ಅನ್ನುವುದು ನಿಂತಿತು. ಕೆಟ್ಟಿದೆ ಎಂದು ಮೆಕ್ಯಾನಿಕ್‌ನ ಬಳಿ ಒಯ್ದರೆ ಅವನು ಇವನ ಮುಖವನ್ನೇ ನೋಡಿದ. ಬೀದಿಯ ಗುಬ್ಬಿಗಳು ಬಾಯಿ ತೆರೆದು ಮುಚ್ಚುತ್ತಿದ್ದವು, ಸದ್ದಿಲ್ಲ. ಹೆಂಗಸರ ಮಾತು ಗೋಡೆಯ ಆಚೆಯದರ ಹಾಗೆ. ಗಂಡಸರ ಮಾತು ಗೊಣಗು. ಇಪ್ಪತ್ತು ವರ್ಷ ಸ್ಪೀಕರುಗಳ ಮುಂದೆ ಓಡಾಡಿದ್ದಕ್ಕೆ ಬಂದ ಫಲ. ಕಿವಿ ಡಾಕ್ಟರು ಒಂದು ಗೀಟು ಎಳೆದ ಕಾಗದ ಕೊಟ್ಟರು. ಗೀಟು ಎಡಗಡೆ ನೆಟ್ಟಗೆ ಹೋಗಿ, ನಡುವೆ ಮುಗ್ಗರಿಸಿ, ಬಲಕ್ಕೆ ಪ್ರಪಾತಕ್ಕೆ ಬಿದ್ದಿತ್ತು. ದಪ್ಪ ಸದ್ದು ಅಷ್ಟಿಷ್ಟು ಉಳಿದಿದೆ, ಸಣ್ಣ ಸದ್ದು ಹೋಯಿತು, ಯಂತ್ರ ಹಾಕಿಕೊಂಡರೆ ಮಾತು ಸ್ವಲ್ಪ ತಿಳಿದೀತು ಎಂದು ಅವರು ನಿಧಾನಕ್ಕೆ ಬಿಡಿಸಿ ಹೇಳಿದರು. ಅವನು ಆ ಗೀಟನ್ನು ಗುಡ್ಡದ ಚಿತ್ರ ನೋಡುವ ಹಾಗೆ ನೋಡಿದ. ಇಳಿಜಾರು ಬಹಳ ಕಡಿದು, ಜನ ಜಾರುತ್ತಾರೆ, ಇಲ್ಲೊಂದು ಹಗ್ಗ ಕಟ್ಟಬೇಕು ಎಂದುಕೊಂಡ. ಅಳು ಬರಲಿಲ್ಲ. ತಾನು ಸಿಡುಕ ಎಂದು ಮನೆಯವರೆಲ್ಲ ಹೇಳುತ್ತಿದ್ದರು, ಆ ಸಿಡುಕೂ ಬರಲಿಲ್ಲ. ಮೈಮೇಲೆ ಯಾರೋ ದಪ್ಪ ಕಂಬಳಿ ಹೊದಿಸಿ, ಹೊದಿಸಿದ್ದನ್ನು ಮರೆತು ಹೋದ ಹಾಗಿತ್ತು. ಕಾಗದವನ್ನು ಸುರುಳಿ ಸುತ್ತಿ ಹಳೆಯ ನಕ್ಷೆಗಳ ಕೊಳವೆಯೊಳಗೆ ತುರುಕಿದ. ಯಂತ್ರ ಕೊಳ್ಳಲಿಲ್ಲ. ಕಿವಿಯಲ್ಲಿ ಯಂತ್ರ ಸಿಕ್ಕಿಸಿಕೊಂಡವನ ಹಸಿರು ಚುಕ್ಕೆಯನ್ನು ಯಾರು ನಂಬುತ್ತಾರೆ? ಚುಕ್ಕೆ ಹೋದರೆ ಯಜಮಾನ ಸಿದ್ಧ ನಕ್ಷೆ ತರಿಸುತ್ತಾನೆ. ಬೋರ್ಡ್ ಹೋಯಿತು, ಹಲಗೆ ಹೋಯಿತು. ಇದೂ ಹೋದರೆ ಅವನ ಕೈಯಲ್ಲಿ ಗಾಲಿ ಮಾತ್ರ ಉಳಿಯುತ್ತಿತ್ತು.

ಮುಚ್ಚಿಡುವುದು ಅಂಥ ಕಷ್ಟವಾಗಲಿಲ್ಲ. ಮಗಳು ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡವಳು, ಪಕ್ಕದ ಕೋಣೆಯಿಂದಲೂ ಮೊಬೈಲಿನಲ್ಲೇ ಬರೆದು ಕೇಳುತ್ತಿದ್ದಳು. ಹೆಂಡತಿ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ. ಮೈದಾನದಲ್ಲಂತೂ ಎಲ್ಲರೂ ಕೂಗಾಡಿಕೊಂಡು ಕೈ ಬಾಯಿ ಆಡಿಸಿಯೇ ಮಾತಾಡುವುದು. ತುಟಿ ನೋಡಿ ತಿಳಿದಷ್ಟು ತಿಳಿದುಕೊಳ್ಳುವುದು, ಉಳಿದದ್ದಕ್ಕೆ ಹೂಂ ಎಂದು ತಲೆ ಆಡಿಸುವುದು. ಹೂಂ ಅನ್ನುವವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಸಿಡುಕ ಮಾಮ ವಯಸ್ಸಾಗಿ ಮೆತ್ತಗಾದ ಎಂದು ಎಲ್ಲರಿಗೂ ಸಮಾಧಾನ.

ಲೋಟ ಹೊಳೆದದ್ದು ಒಂದು ಮಧ್ಯಾಹ್ನ. ಡೇರೆಯಲ್ಲಿ ಊಟಕ್ಕೆ ಕೂತಿದ್ದಾಗ ದೊಡ್ಡ ಸ್ಟೇಜಿನ ಸ್ಪೀಕರ್ ಹಾಕಿದರು. ಅವನಿಗೆ ಕೇಳಿಸಿದ್ದು ದೂರದಲ್ಲಿ ಮೂಟೆ ಬಿದ್ದ ಹಾಗೆ ದೊಬ್ ದೊಬ್. ಆದರೆ ಎದುರಿಗಿದ್ದ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಎದ್ದವು. ದೊಬ್ ಅಂದಾಗೊಮ್ಮೆ ಒಂದು ಬಳೆ. ಅವನು ಅನ್ನ ಬಿಟ್ಟು ಲೋಟ ಎತ್ತಿಕೊಂಡು ಹೊರಟ. ನೀರು ನಡುಗಿದರೆ ಸದ್ದು, ನಡುಗದಿದ್ದರೆ ಶಾಂತ. ಕಿವಿ ಯಾಕೆ ಬೇಕು?

ಯಜಮಾನನಿಗೆ ಅದು ಎಷ್ಟು ಹಿಡಿಸಿತೆಂದರೆ, ಫೋಟೋ ತೆಗೆಸಿ ಜಾಹೀರಾತಿಗೆ ಹಾಕಿದ. ಕಳೆದ ವರ್ಷ ಲೋಟ ಸರಿಯಾಗಿಯೇ ಕೆಲಸ ಮಾಡಿತ್ತು. ಒಂದು ದೂರೂ ಬರಲಿಲ್ಲ.

ಈ ಸಲ ಪೂರ್ವದ ಗೋಡೆಯ ಹತ್ತಿರ ಮೂರು ಮರಗಳ ನೆರಳು ಅವನ ಕಣ್ಣಿಗೆ ಬಿತ್ತು. ತಿಂಡಿ ಅಂಗಡಿಗಳ ಸಾಲಿನ ಹಿಂಬದಿ, ಮೆತ್ತನೆಯ ಹುಲ್ಲು, ಕೂರಲು ಕಲ್ಲು ಬೆಂಚು. ಪಕ್ಕಕ್ಕೆ ಆಳೆತ್ತರದ ಪರದೆ ಕಟ್ಟಿದ್ದರು. ಪರದೆಯ ಆಚೆ ಐಸ್‌ಕ್ರೀಮ್ ಲಾರಿಯೊಂದು ನಿಂತಿತ್ತು, ಈ ಕಡೆಯಿಂದ ಅದರ ಬಿಳಿ ತಲೆ ಮಾತ್ರ ಕಾಣುತ್ತಿತ್ತು. ಅವನು ಲೋಟ ಇಟ್ಟ. ದೊಡ್ಡ ಸ್ಟೇಜಿನವರು ಅಷ್ಟೂ ಸ್ಪೀಕರ್ ಹಾಕಿ ಪರೀಕ್ಷೆ ಮಾಡುತ್ತಿದ್ದರು. ನೀರು ಕನ್ನಡಿಯ ಹಾಗೆ ನಿಂತಿತು. ಒಂದು ಎಲೆಯ ನೆರಳು ಅದರೊಳಗೆ ಬಿದ್ದು, ಅದೂ ಅಲುಗಲಿಲ್ಲ. ನೂರು ಎಣಿಸಿದ, ನಂಬಲಾಗದೆ ಇನ್ನೂ ಒಂದು ನೂರು ಎಣಿಸಿದ. ಹಾದು ಹೋಗುತ್ತಿದ್ದ ಎಲೆಕ್ಟ್ರಿಷಿಯನ್ ನಿಂತು, ನಗುತ್ತಾ ಏನೋ ಅಂದ. ಗಾಲಿ ಮಾಮ ಹೂಂ ಎಂದು ತಲೆ ಆಡಿಸಿದ. ಎಲೆಕ್ಟ್ರಿಷಿಯನ್ ಕೈ ಎತ್ತಿ ದೊಡ್ಡ ನಮಸ್ಕಾರ ಹಾಕಿ ಹೋದ.

ಆ ಮೂರು ಮರದ ಕೆಳಗೆ ಗಾಢ ಹಸಿರು ಚುಕ್ಕೆ ಬಿತ್ತು. ಇಷ್ಟು ವರ್ಷದಲ್ಲಿ ಅಷ್ಟು ದೊಡ್ಡ ಚುಕ್ಕೆ ಅವನು ಇಟ್ಟಿರಲಿಲ್ಲ. ಮಗಳಿಗೆ ಕಳುಹಿಸಿದ. ಅವಳು ಮನೆಯಲ್ಲೇ ಕೂತು ಅದನ್ನು ನಕ್ಷೆಗೆ ಏರಿಸಿದಳು, ಸುಂದರವಾಗಿದೆ ಎಂಬುದಕ್ಕೆ ಹೆಬ್ಬೆರಳಿನ ಗುರುತು ಹಾಕಿದಳು.

ಉತ್ಸವ ಶುರುವಾದ ದಿನ ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ಬಾಗಿಲ ಬಳಿಯ ಡೇರೆಯಲ್ಲಿದ್ದರು. ನಕ್ಷೆಯ ಯಾವ ಜಾಗವನ್ನು ಎಷ್ಟು ಜನ ಮುಟ್ಟುತ್ತಿದ್ದಾರೆ ಎಂಬುದು ಮಗಳ ಕಂಪ್ಯೂಟರಿನಲ್ಲಿ ಬೀಳುತ್ತದೆ. ಜನ ತಮಗನಿಸಿದ್ದನ್ನು ಹೇಳಲು ಪ್ರತಿ ಚುಕ್ಕೆಯ ಕೆಳಗೆ ಎರಡು ಮುಖಗಳಿರುತ್ತವೆ, ಒಂದು ನಗುವುದು, ಒಂದು ಮುನಿದದ್ದು. ಒಂದು ಗಂಟೆಯೊಳಗೆ ಮೂರು ಮರದ ಚುಕ್ಕೆಯನ್ನು ನಾನೂರು ಜನ ಮುಟ್ಟಿದ್ದರು. ಅದರ ಕೆಳಗೆ ಮುನಿದ ಮುಖಗಳು ಸಾಲುಗಟ್ಟಿದವು. ನಲವತ್ತು, ಅರವತ್ತು, ತೊಂಬತ್ತು. ಮಗಳು ಹುಬ್ಬು ಗಂಟಿಕ್ಕಿದಳು. ಯಂತ್ರ ತಪ್ಪು ತೋರಿಸುತ್ತಿದೆ ಎಂದುಕೊಂಡು ಒಮ್ಮೆ ಆರಿಸಿ ಹಾಕಿದಳು. ನೂರಾಹದಿನೆಂಟು. ಕೊನೆಗೆ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ ತಾನೇ ಎದ್ದು ಹೋದಳು. ಹತ್ತು ನಿಮಿಷಕ್ಕೆ ತಿರುಗಿ ಬಂದವಳು ಅಪ್ಪನ ತೋಳು ಹಿಡಿದು ಎಬ್ಬಿಸಿದಳು. ಅವನು ಅಭ್ಯಾಸಬಲದಿಂದ ಲೋಟವನ್ನೂ ನೀರಿನ ಬಾಟಲಿಯನ್ನೂ ಎತ್ತಿಕೊಂಡ.

ಮೂರು ಮರದ ಕೆಳಗೆ ಜನವೋ ಜನ. ಹುಲ್ಲಿನ ಮೇಲೆ ಬಟ್ಟೆ ಹಾಸಿ ಕೂಸುಗಳನ್ನು ಮಲಗಿಸಲು ನೋಡುತ್ತಿದ್ದರು. ಕೂಸುಗಳ ಬಾಯಿ ಅಂಗುಳ ಕಾಣುವಷ್ಟು ತೆರೆದಿತ್ತು, ಮುಖ ಕೆಂಪಗೆ. ಒಬ್ಬಳು ಮಗುವಿನ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಓಡುತ್ತಿದ್ದಳು. ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬೆಂಚಿನ ಕೆಳಗೆ ನುಸುಳಿ ಮಂಡಿಯ ನಡುವೆ ತಲೆ ಇಟ್ಟುಕೊಂಡು ತೂಗುತ್ತಿದ್ದಳು. ಅವಳ ತಂದೆ ನೆಲಕ್ಕೆ ಕೂತು ಅವಳನ್ನು ಹೊರಗೆ ಕರೆಯುತ್ತಿದ್ದ. ಗಾಲಿ ಮಾಮನಿಗೆ ಇದೆಲ್ಲ ಸದ್ದು ಕೆಟ್ಟ ಟೀವಿಯ ಹಾಗೆ ಕಂಡಿತು. ಇಷ್ಟು ತಣ್ಣನೆಯ ಜಾಗದಲ್ಲಿ ಇವರಿಗೆಲ್ಲ ಏನು ಬಂತು ಎಂದು ಅರ್ಥವಾಗಲಿಲ್ಲ. ಅವನು ಬಗ್ಗಿ ಲೋಟ ಇಟ್ಟ, ನೀರು ಸುರಿದ, ನೋಡಿದ. ನೀರು ಅಲುಗಲಿಲ್ಲ.

ಮಗಳು ಒಮ್ಮೆ ನೀರನ್ನು ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು.

ಐಸ್‌ಕ್ರೀಮ್ ಲಾರಿಯ ತಂಪು ಮಾಡುವ ಯಂತ್ರದ ಬೆಲ್ಟ್ ಸವೆದು ಹೋಗಿತ್ತು. ಅದು ಪರದೆಯ ಆಚೆ ಬಿಡುವಿಲ್ಲದೆ ಕೀರಲು ದನಿಯಲ್ಲಿ ಕಿರುಚುತ್ತಿತ್ತು. ಗಾಜಿನ ಮೇಲೆ ಮೊಳೆ ಎಳೆದ ಹಾಗೆ, ಎರಡು ದಿನದಿಂದಲೂ. ನೀರನ್ನು ನಡುಗಿಸುವ ದಪ್ಪ ಸದ್ದಲ್ಲ ಅದು. ಕಿವಿಯಲ್ಲಿ ಮಾತ್ರ ಇರುವ ಸದ್ದು.

ಮಗಳು ಪರದೆಯ ಆಚೆಯ ಲಾರಿಯ ಕಡೆ ಬೆರಳು ಮಾಡಿ ತೋರಿಸಿ, ಆಮೇಲೆ ಕೈಯಲ್ಲಿದ್ದ ಮೊಬೈಲನ್ನು ಬಾಯಿಗೆ ಅಡ್ಡ ಹಿಡಿದಳು. ಅವಳ ಕೆನ್ನೆ ಅಲುಗಿದ್ದು ಕಂಡಿತು. ಅವನು ಹೂಂ ಎಂದು ತಲೆ ಆಡಿಸಿದ.

ಅವಳು ಮೊಬೈಲ್ ಕೆಳಗಿಳಿಸಿದಳು. ಅಪ್ಪನ ಎದುರಿಗೆ, ತೀರಾ ಹತ್ತಿರ ಬಂದು ನಿಂತಳು.

"ಈಗ ನಾನು ಏನಂದೆ ಹೇಳು."

"ಲಾರಿ ತೆಗೆಸ್ಬೇಕು ಅಂದೆ."

"ನಾಳೆಯಿಂದ ನಾನು ನಿನ್ನ ಮಗಳಲ್ಲ, ಆಯ್ತಾ ಅಂದೆ. ಆಯ್ತು ಅಂತ ತಲೆ ಆಡಿಸ್ದೆ ನೀನು."

ಅವಳ ತುಟಿ ಅಷ್ಟು ನಿಧಾನಕ್ಕೆ ಆಡಿತ್ತು, ಒಂದು ಅಕ್ಷರವೂ ತಪ್ಪಲಿಲ್ಲ. ಅವನಿಗೆ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಅವಳ ಗಲ್ಲದ ಮೇಲಿನ ಸಣ್ಣ ಮಚ್ಚೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಇಷ್ಟು ದಿನ ಗಮನಿಸಿರಲಿಲ್ಲವಲ್ಲ ಎಂದುಕೊಂಡ. ಎಡಕ್ಕಿತ್ತು.

ಅಷ್ಟರಲ್ಲಿ ಯಜಮಾನ ಬಂದ. ಬೆಂಚಿನ ಕೆಳಗಿನ ಹುಡುಗಿಯ ತಂದೆ ಅವನ ಅಂಗಿಯ ತೋಳು ಹಿಡಿದುಕೊಂಡೇ ಬಂದಿದ್ದ. ಯಜಮಾನ ಮೂವತ್ತೈದರ ಗಂಡಸು, ಒಳ್ಳೆಯವನೇ, ಆದರೆ ಆ ಹೊತ್ತಿನಲ್ಲಿ ಅವನ ಕಣ್ಣು ಕೆಂಡವಾಗಿತ್ತು. ಮಗಳ ಕಡೆ ಬೆರಳು ಮಾಡಿ ಬಾಯಿಗೆ ಬಂದ ಹಾಗೆ ಅಂದ. ಅಂದದ್ದರಲ್ಲಿ ಗಾಲಿ ಮಾಮನಿಗೆ ತಿಳಿದದ್ದು ನಾಲ್ಕೈದು ಮಾತು: ಚುಕ್ಕೆ, ನಂಬಿ, ಮರ್ಯಾದೆ, ಮಕ್ಕಳು. ಮಗಳು ಅಪ್ಪನಿಗೆ ಬೆನ್ನು ಮಾಡಿ, ಅವನಿಗೂ ಯಜಮಾನನಿಗೂ ನಡುವೆ ನಿಂತಿದ್ದಳು. ಅವಳ ಮುಖ ಕಾಣುತ್ತಿರಲಿಲ್ಲ. ಆದರೆ ಅವಳು ತನ್ನ ಎದೆ ಮುಟ್ಟಿ ತೋರಿಸಿಕೊಳ್ಳುವುದು, ಮೊಬೈಲ್ ಎತ್ತಿ ಬೆರಳನ್ನು ಇಲ್ಲಿಂದ ಅಲ್ಲಿಗೆ ಜಾರಿಸುವುದು ಕಂಡಿತು. ತಪ್ಪು ನನ್ನದು, ಅಪ್ಪ ಬೇರೆ ಕಡೆ ಇಟ್ಟಿದ್ದ ಚುಕ್ಕೆಯನ್ನು ನಾನು ಇಲ್ಲಿ ಬೀಳಿಸಿದೆ. ಅದನ್ನು ತಿಳಿಯಲು ಕಿವಿ ಬೇಕಿರಲಿಲ್ಲ.

ಸುಮ್ಮನೆ ನಿಂತಿದ್ದರೆ ಸಾಕಿತ್ತು. ಇನ್ನೊಂದು ಸಲ ಹೂಂ ಎಂದು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಮುಂದಿನ ವರ್ಷವೂ ಗಾಲಿ, ಲೋಟ, ಚುಕ್ಕೆ, ಎಲ್ಲವೂ ಇರುತ್ತಿದ್ದವು. ಮಗಳ ಕೆಲಸ ಮಾತ್ರ ಹೋಗುತ್ತಿತ್ತು. ತಾಯಂದಿರು ಕೂಸು ಎತ್ತಿಕೊಂಡು ನಂಬಿ ಬರುವ ಚುಕ್ಕೆಯನ್ನು ಕೆಡಿಸಿದವಳು ಎಂಬ ಹೆಸರು ಅವಳ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು.

ಅವನು ಮಗಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದ.

"ಇವಳದ್ದೇನೂ ಇಲ್ಲ ಸರ್. ಚುಕ್ಕೆ ಇಟ್ಟಿದ್ದು ನಾನು. ನಂಗೆ ಕಿವಿ ಕೇಳ್ಸಲ್ಲ. ಎರಡು ವರ್ಷ ಆಯ್ತು."

ತನ್ನ ದನಿ ಎಷ್ಟು ಜೋರಾಗಿದೆ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಸುತ್ತಲಿನವರೆಲ್ಲ ತಿರುಗಿ ನೋಡಿದ್ದನ್ನು ಕಂಡರೆ ಬಹಳ ಜೋರಾಗಿಯೇ ಇದ್ದಿರಬೇಕು. ಯಜಮಾನ ಎತ್ತಿದ ಬೆರಳನ್ನು ಹಾಗೇ ಹಿಡಿದು ನಿಂತ. ನೆಲದ ಮೇಲಿನ ಲೋಟ ನೋಡಿದ. ಅದರ ಫೋಟೋ ಊರ ತುಂಬಾ ಹಚ್ಚಿಸಿದವನು ಅವನೇ. ಬೆರಳು ನಿಧಾನಕ್ಕೆ ಮಡಿಸಿಕೊಂಡ. ಲಾರಿಯನ್ನು ತೆಗೆಸಿದರು. ಬೆಂಚಿನ ಕೆಳಗಿನಿಂದ ಹುಡುಗಿ ಹೊರಗೆ ಬಂದಳು. ಅವಳ ತಂದೆ ಬಂದು ಗಾಲಿ ಮಾಮನ ಎದುರಿಗೆ ನಿಂತು ಏನೋ ಹೇಳಲು ಬಾಯಿ ತೆರೆದ, ಹೇಳಿ ಏನು ಪ್ರಯೋಜನ ಎಂದುಕೊಂಡನೋ ಏನೋ, ಹುಡುಗಿಯ ಕೈ ಹಿಡಿದು ಹೊರಟುಹೋದ.

ಯಜಮಾನ ಸಂಜೆ ಮಗಳ ಮೊಬೈಲಿಗೆ ಬರೆದು ಕಳುಹಿಸಿದ. ಹಸಿರು ಚುಕ್ಕೆಗಳನ್ನೆಲ್ಲ ಈಗಲೇ ತೆಗೆಯಬೇಕು, ನಾಳೆ ಬಾಗಿಲು ತೆರೆಯುವುದರೊಳಗೆ ಸರಿಯಾದವನ್ನು ಮಾತ್ರ ಇಡಬೇಕು, ಕಿವಿ ಇರುವವರು ಅಳೆಯಬೇಕು. ಮುಂದಿನ ವರ್ಷದ ಮಾತು ಮುಂದಿನ ವರ್ಷ. ಈ ಕೊನೆಯ ಸಾಲಿನ ಅರ್ಥ ಇಬ್ಬರಿಗೂ ಆಯಿತು. ಎಲೆಕ್ಟ್ರಿಷಿಯನ್ ಬಂದು ಪೆಚ್ಚಾಗಿ ನಕ್ಕ. ಆವತ್ತು ತಾನು ಕೇಳಿದ್ದೇನು ಎಂದು ಮಗಳಿಗೆ ಹೇಳಿ, ಅವಳಿಂದ ಬರೆಸಿ ತೋರಿಸಿದ. "ಮಾಮ, ಈ ಕಿರುಚಾಟದಲ್ಲಿ ಧ್ಯಾನ ಮಾಡ್ತಿದ್ದೀರಲ್ಲ, ಯಾವ ಗುರುಗಳು ಕಲಿಸಿದ್ದು?" ಗಾಲಿ ಮಾಮ ಓದಿ, ತಲೆ ಆಡಿಸಲು ಹೋಗಿ, ನಿಲ್ಲಿಸಿದ.

ಬೆಳಿಗ್ಗೆ ಮನೆಯಲ್ಲಿ ಹೆಂಡತಿ ಟೀ ತಂದಿಟ್ಟು, ಎಂದಿನ ಹಾಗೆ ಮೇಜಿನ ಮೇಲೆ ಎರಡು ಸಲ ಬೆರಳಿನಿಂದ ತಟ್ಟಿದಳು. ಅವನು ತಲೆ ಎತ್ತಿದ. ಆ ತಟ್ಟುವಿಕೆ ಯಾವಾಗ ಶುರುವಾಯಿತು ಎಂದು ಆಗಲೇ ಅವನಿಗೆ ಹೊಳೆದದ್ದು. ಒಂದು ವರ್ಷದಿಂದ ಅವಳು ತಟ್ಟದೆ ಮಾತು ಶುರು ಮಾಡಿಯೇ ಇರಲಿಲ್ಲ. ಬೆನ್ನು ಮಾಡಿ ಮಾತಾಡಿರಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಏನೂ ಹೇಳುತ್ತಿರಲಿಲ್ಲ.

"ನಿಂಗೆ ಗೊತ್ತಿತ್ತಾ?"

"ನಿಮ್ಮ ಹಿಂದೇನೇ ಪಾತ್ರೆ ಬೀಳಿಸ್ದೆ ರೀ, ಇಷ್ಟಗಲದ್ದು. ಬೀದಿಯವರೆಲ್ಲ ಬಂದ್ರು, ನೀವು ತಿರುಗ್ಲಿಲ್ಲ," ಎಂದಳು. "ನೀವಾಗೇ ಹೇಳ್ತೀರಿ ಅಂತ ಕಾದೆ."

ಹೇಳಿ ಅವಳು ಇಸ್ತ್ರಿ ಅಂಗಡಿಗೆ ಹೊರಟಳು. ಅವನು ಟೀ ಕುಡಿದ. ಬಿಸಿ ಇತ್ತು, ಸಿಹಿ ಇತ್ತು. ಕೊಳವೆಯೊಳಗಿಂದ ಆ ಕಾಗದ ತೆಗೆದು ಮಗಳ ಮೇಜಿನ ಮೇಲೆ ಇಟ್ಟ. ಗೀಟು ಬೀಳುವ ಜಾಗದ ಮೇಲೆ ಅವಳು ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡಿದ್ದಳು.

ಆ ಬೆಳಿಗ್ಗೆ ಮೈದಾನದಲ್ಲಿ ಅಪ್ಪ ಗಾಲಿ ತಳ್ಳಿದ, ಮಗಳು ಹಳೆಯ ಕೈಗಡಿಯಾರ ಹಿಡಿದು ನಡೆದಳು. ಹೆಡ್‌ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಸೌಂಡ್‌ನವರು ಇವರಿಗಾಗಿಯೇ ಒಂದು ಗಂಟೆ ಮೊದಲು ಸ್ಪೀಕರ್ ಹಾಕಿದರು. ಹೇಗೆ ನಿಲ್ಲಬೇಕು ಎಂದು ಅವನು ತೋರಿಸಿಕೊಟ್ಟ: ಕಾಲು ಅಗಲಿಸಿ, ಕಣ್ಣು ಮುಚ್ಚಿ, ಕೈ ನೀಡಿ, ನೂರು. ಅವಳು ಎಣಿಸುವಾಗ ಅವನು ಅವಳ ಮುಖ ನೋಡುತ್ತಾ ನಿಲ್ಲುವುದು. ಕೇಳಿಸಿದರೆ ಬೆರಳು ಎತ್ತು ಎಂದಿದ್ದ. ಹನ್ನೊಂದು ಕಡೆ ನಿಂತರು. ಗಡಿಯಾರವನ್ನು ಕಿವಿಗೆ ಒತ್ತಿಕೊಂಡರೂ ಬೆರಳು ಏಳಲಿಲ್ಲ. ಅವನು ಈ ಸಲ ಇಟ್ಟಿದ್ದ ಏಳು ಚುಕ್ಕೆಗಳೂ ಆ ಹನ್ನೊಂದರಲ್ಲಿ ಬಂದು ಹೋದವು. ಮೂರು ಮರದ ಕೆಳಗೂ, ಲಾರಿ ಹೋದ ಮೇಲೂ, ಏಳಲಿಲ್ಲ. ತಿಂಡಿ ಅಂಗಡಿಗಳಲ್ಲಿ ಪಾತ್ರೆ ತೊಳೆಯುವ ಸದ್ದು ಇದೆ ಎಂದು ಅವಳು ಮೊಬೈಲಿನಲ್ಲಿ ಬರೆದು ತೋರಿಸಿದಳು. ಅಂದರೆ ಕಳೆದ ವರ್ಷವೂ ಅವನ ಚುಕ್ಕೆಗಳು ಸುಳ್ಳೇ ಇದ್ದಿರಬೇಕು. ಜನ ಸಹಿಸಿಕೊಂಡಿದ್ದರು, ಅಷ್ಟೆ.

ಹನ್ನೆರಡನೆಯದು ಟಿಕೆಟ್ ಮನೆಯ ಹಿಂದಿನ ಕಿರಿದಾದ ಜಾಗ. ಎರಡು ಕಡೆ ಕಲ್ಲಿನ ಗೋಡೆ, ಒಂದು ಹಳೆಯ ಮರದ ಪೆಟ್ಟಿಗೆ. ನೋಡಲು ಏನೇನೂ ಚೆನ್ನಾಗಿಲ್ಲ. ಮಗಳು ಕಣ್ಣು ಮುಚ್ಚಿ ನಿಂತಳು. ಬಹಳ ಹೊತ್ತಿನ ಮೇಲೆ ಬೆರಳು ಎದ್ದಿತು. ಇಳಿಸಿದಳು, ಇನ್ನೊಮ್ಮೆ ಕೇಳಿಸಿಕೊಂಡಳು, ಮತ್ತೆ ಎತ್ತಿದಳು. ಅವನು ಚೀಟಿಯಲ್ಲಿ ಒಂದು ಗುರುತು ಹಾಕಿದ. ಅಷ್ಟು ದೊಡ್ಡ ಮೈದಾನಕ್ಕೆಲ್ಲ ಒಂದೇ ಹಸಿರು ಚುಕ್ಕೆ.

ಮೂರನೆಯ ದಿನ, ಕೊನೆಯ ದಿನ, ಅವನಿಗೆ ಮಾಡಲು ಕೆಲಸವಿರಲಿಲ್ಲ. ಬರುವ ವರ್ಷ ನಕ್ಷೆ ಕೊಡುವ ಕಂಪನಿಯವರು ಯಜಮಾನನ ಡೇರೆಗೆ ಬಂದಿದ್ದಾರೆ ಎಂದು ಎಲೆಕ್ಟ್ರಿಷಿಯನ್ ಸನ್ನೆ ಮಾಡಿ ತಿಳಿಸಿದ. ಇಬ್ಬರು, ಒಳ್ಳೆಯ ಶೂ ಹಾಕಿಕೊಂಡವರು. ಗಾಲಿ ಮಾಮ ಆಯಿತು ಎಂದ. ಗಾಲಿಯನ್ನು ಬಟ್ಟೆಯಲ್ಲಿ ಒರೆಸಿ, ಟಿಕೆಟ್ ಮನೆಯ ಹಿಂದಕ್ಕೆ ಹೋಗಿ ಪೆಟ್ಟಿಗೆಯ ಮೇಲೆ ಕೂತ. ಒಳಗೆ ತಡಕಿ ನೋಡಿದರೆ ಏನೂ ಕೈಗೆ ಸಿಗುತ್ತಿರಲಿಲ್ಲ, ದುಃಖವೂ ಇಲ್ಲ, ಹೋಗಲಿ ಅನ್ನುವ ನಿರಾಳವೂ ಇಲ್ಲ. ಅಂಗಾಲಿಗೆ ದೊಡ್ಡ ಸ್ಟೇಜಿನ ಹೊಡೆತ ಸಣ್ಣಗೆ ತಾಗುತ್ತಿತ್ತು.

ಹೆಂಗಸೊಬ್ಬಳು ಹೆಗಲ ಮೇಲೆ ಕೂಸು ಹಾಕಿಕೊಂಡು, ಮೊಬೈಲ್ ನೋಡಿಕೊಂಡು ಬಂದಳು. ಚುಕ್ಕೆ ಹಿಡಿದೇ ಬಂದವಳು. ಗೋಡೆಗೆ ಒರಗಿ ಕೂತು, ಕಾಲ ಮೇಲೆ ಕೂಸನ್ನು ಹಾಕಿಕೊಂಡು ತಟ್ಟಿದಳು. ಸ್ವಲ್ಪ ಹೊತ್ತಿಗೆ ಅದರ ಮುಷ್ಟಿ ಸಡಿಲವಾಯಿತು. ಅವಳು ಅವನ ಕಡೆ ತಿರುಗಿ ಏನೋ ಕೇಳಿದಳು. ತುಟಿ ಬಹಳ ಸಣ್ಣಗೆ ಆಡಿತು.

ಅವನ ಕತ್ತು ತಾನಾಗಿಯೇ ಹೂಂ ಎನ್ನಲು ಹೊರಟಿತು. ಹಿಡಿದು ನಿಲ್ಲಿಸಿದ.

"ಕಿವಿ ಕೇಳ್ಸಲ್ಲಮ್ಮ ನಂಗೆ," ಎಂದ.

ಅವಳು ಗಾಬರಿಯಿಂದ ಕೂಸಿನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಜೋರಾಗಿ ಹೇಳಿಬಿಟ್ಟಿದ್ದ. ಕೂಸು ಏಳಲಿಲ್ಲ. ಅವಳಿಗೂ ಜೋರಾಗಿ ಕೇಳುವ ಹಾಗಿಲ್ಲ. ಒಂದು ಗಳಿಗೆ ಯೋಚಿಸಿ, ಮೊಬೈಲನ್ನು ಅವನ ಮುಂದೆ ಹಿಡಿದು, ನಕ್ಷೆಯಲ್ಲಿ ನೀರಿನ ನಲ್ಲಿಯ ಚಿತ್ರ ಮುಟ್ಟಿ ತೋರಿಸಿ, ಎಲ್ಲಿ ಎನ್ನುವ ಹಾಗೆ ಕೈ ತಿರುಗಿಸಿದಳು. ದೊಡ್ಡ ಸ್ಟೇಜು ಮೇಲಕ್ಕಿತ್ತು. ವಾಲಿದ ಕಂಬ ವಾಲಿಯೇ ಇತ್ತು. ಅವರಿಬ್ಬರೂ ಕೂತ ಜಾಗದಲ್ಲಿ ಹಸಿರು ಚುಕ್ಕೆಯ ಮೇಲೆ ನೀಲಿ ಚುಕ್ಕೆ ಕೂತಿತ್ತು.

ಅವನು ಬಣ್ಣದ ಕಲೆ ಹೋಗದ ತನ್ನ ತೋರುಬೆರಳನ್ನು ಆ ನೀಲಿ ಚುಕ್ಕೆಯ ಮೇಲಿಟ್ಟು, ಟಿಕೆಟ್ ಮನೆ ಸುತ್ತಿ, ಮೊಂಡು ಮರ ದಾಟಿಸಿ, ನಲ್ಲಿಯವರೆಗೆ ನಿಧಾನಕ್ಕೆ ಎಳೆದ. ಆಮೇಲೆ ಬೇಡ ಎಂಬಂತೆ ಕೈ ಆಡಿಸಿ, ನೀನು ಕೂತಿರು ಎಂದು ಸನ್ನೆ ಮಾಡಿದ. ಚೀಲದಿಂದ ಲೋಟ ತೆಗೆದುಕೊಂಡು, ನೀರು ತರಲು ತಾನೇ ಎದ್ದ.